ಬೇರು ನೀರಿನಲ್ಲಿ, ಎಲೆ ಗಾಳಿಯಲ್ಲಿ

ಕೆರೆಯಲ್ಲಿ ಅರಳಿದ ತಾವರೆಯನ್ನು ಕಂಡು ಮೆಚ್ಚದವರಿಲ್ಲ. ಆದರೆ ಅದರ ಎಲೆಯ ದಂಟನ್ನು ಅಡ್ಡಲಾಗಿ ಕೊಯ್ದು ನೋಡಿದವರು ವಿರಳ. ಹಾಗೆ ಕೊಯ್ದು ನೋಡಿದರೆ ದಂಟಿನ ಉದ್ದಕ್ಕೂ ಹಲವು ಕೊಳವೆಗಳು ಹಾದುಹೋಗಿರುವುದು ಕಾಣುತ್ತದೆ. ಅವು ಗಾಳಿಯ ಕೊಳವೆಗಳು. ಕೆರೆಯ ತಳದ ಕೆಸರಿನಲ್ಲಿ ಹುದುಗಿರುವ ಗೆಡ್ಡೆಗೂ ಉಸಿರು ಬೇಕು. ಆದರೆ ಆ ಕೆಸರಿನಲ್ಲಿ ಆಮ್ಲಜನಕವು ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ಮೇಲಿನ ಎಲೆಯು ಗಾಳಿಯನ್ನು ಒಳಗೆ ತೆಗೆದುಕೊಂಡು ದಂಟಿನ ಮೂಲಕ ಕೆಳಗಿನ ಗೆಡ್ಡೆಗೆ ಕಳುಹಿಸುತ್ತದೆ. ಬೇರುಗಳು ಕೆಸರಿನ ಲವಣಗಳನ್ನು ಹೀರಿ ಎಲೆಗೆ ಮುಟ್ಟಿಸುತ್ತವೆ. ತಾವರೆಯನ್ನು ನೀರಿನ ಗಿಡವೆಂದು ಕರೆಯುವುದು ವಾಡಿಕೆ. ನಿಜವಾಗಿ ಅದರ ಬದುಕು ಮೂರು ಲೋಕಗಳಿಗೆ ಹಂಚಿಹೋಗಿದೆ. ಬೇರು ಕೆಸರಿನಲ್ಲಿ, ದಂಟು ನೀರಿನಲ್ಲಿ, ಎಲೆ ಗಾಳಿಯಲ್ಲಿ. ಮಳೆ ಹೆಚ್ಚಾಗಿ ಕೆರೆಯ ನೀರು ಏರಿದಂತೆ ತಾವರೆಯ ದಂಟೂ ಉದ್ದವಾಗುತ್ತದೆ. ಎಲೆಯನ್ನು ನೀರಿನ ಮೇಲೆ ಉಳಿಸಿಕೊಳ್ಳುವುದು ಅದಕ್ಕೆ ಜೀವದ ಪ್ರಶ್ನೆ.

ಮನೆಯೊಳಗೆ ಇರಿಸಿಕೊಳ್ಳುವ ಗಾಜಿನ ತೊಟ್ಟಿಯೂ ಒಂದು ಪುಟ್ಟ ಕೆರೆಯೇ. ಅದರಲ್ಲಿ ಗಪ್ಪಿ, ಮೋಲಿ, ಚಿನ್ನದ ಮೀನು ಮೊದಲಾದವನ್ನು ಸಾಕುವ ಹವ್ಯಾಸ ಇಂದು ಪಟ್ಟಣಗಳಲ್ಲಿ ಮಾತ್ರವಲ್ಲದೆ ಸಣ್ಣ ಊರುಗಳಲ್ಲಿಯೂ ಹಬ್ಬಿದೆ. ಮೀನು ತಂದವನಿಗೆ ಅದರ ಜೊತೆಗೆ ಒಂದಿಷ್ಟು ಹಸಿರೂ ಇರಲಿ ಎನ್ನಿಸುವುದು ಸಹಜ. ಕೆಲವು ಮೀನಿನ ಅಂಗಡಿಗಳಲ್ಲಿ ತೊಟ್ಟಿಯ ತಳದ ಮರಳಿನಲ್ಲಿ ಚೆಲುವಾದ ಗಿಡಗಳನ್ನು ನೆಟ್ಟಿರುತ್ತಾರೆ. ಬಿಳಿಯ ಗೆರೆಯುಳ್ಳ ನೀಳವಾದ ಎಲೆಗಳದ್ದೊಂದು, ಬಾಣದ ಮೊನೆಯಂತಹ ಎಲೆಗಳದ್ದೊಂದು, ಗೆಣ್ಣು ಗೆಣ್ಣಾಗಿ ಬಿದಿರನ್ನು ಹೋಲುವ ಇನ್ನೊಂದು. ಮನೆಗೆ ತಂದು ನೆಟ್ಟರೆ ಕೆಲವು ವಾರ ಅವು ತಂದಾಗಿನಂತೆಯೇ ನಿಂತಿರುತ್ತವೆ. ಬಳಿಕ ಎಲೆ ಹಳದಿಯಾಗುತ್ತದೆ, ಮೆತ್ತಗಾಗುತ್ತದೆ, ಬೆರಳು ತಾಗಿದರೆ ಲೋಳೆಯಾಗಿ ಕಳಚಿಕೊಳ್ಳುತ್ತದೆ. ನೀರು ಕದಡಿ ವಾಸನೆ ಹಿಡಿಯುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿಬಾಯಿ ಬಿಡುತ್ತಿರುತ್ತವೆ. ತನ್ನ ಕೈಗುಣ ಸರಿಯಿಲ್ಲವೆಂದು ತಂದವನು ನೊಂದುಕೊಳ್ಳುತ್ತಾನೆ. ಕೈಗುಣದ ದೋಷ ಇದರಲ್ಲಿ ಏನೂ ಇಲ್ಲ. ಅವನು ತಂದ ಗಿಡಗಳು ಕುಂಡದಲ್ಲಿ ಬೆಳೆಯತಕ್ಕ ನೆಲದ ಗಿಡಗಳು. ಬಿಳಿಗೆರೆಯದು ದಕ್ಷಿಣ ಆಫ್ರಿಕದ ಸ್ಪೈಡರ್ ಪ್ಲಾಂಟ್, ಬಾಣದೆಲೆಯದು ಸಿಂಗೋನಿಯಂ, ಮೂರನೆಯದು ‘ಲಕ್ಕಿ ಬ್ಯಾಂಬೂ’ ಎಂಬ ಹೆಸರಿನ, ಆದರೆ ಬಿದಿರಿನ ಜಾತಿಗೆ ಸೇರದ, ಮಧ್ಯ ಆಫ್ರಿಕ ಮೂಲದ ಡ್ರಸೀನ. ಅಷ್ಟು ದಿನಗಳೂ ಅವು ನೀರಿನಲ್ಲಿ ಬೆಳೆಯುತ್ತಿರಲಿಲ್ಲ. ನಿಧಾನವಾಗಿ ಮುಳುಗಿ ಸಾಯುತ್ತಿದ್ದವು.

ಗಿಡವು ಮುಳುಗಿ ಸಾಯುವುದೆಂದರೆ ಏನು? ನೆಲದ ಗಿಡದ ಎಲೆಯ ಮೇಲೆ ಮೇಣದಂತಹ ಒಂದು ಪೊರೆಯಿದೆ. ಒಳಗಿನ ತೇವವು ಬಿಸಿಲಿಗೆ ಆರಿಹೋಗದಂತೆ ಅದು ಕಾಯುತ್ತದೆ. ಗಾಳಿಯು ಒಳಹೊಕ್ಕು ಹೊರಬರುವುದಕ್ಕೆ ಪತ್ರರಂಧ್ರಗಳೆಂಬ ಸೂಕ್ಷ್ಮವಾದ ಬಾಗಿಲುಗಳಿವೆ. ಎಲೆಯು ನೀರಿನಲ್ಲಿ ಮುಳುಗಿದೊಡನೆ ಈ ಬಾಗಿಲುಗಳ ಮುಂದೆ ನೀರಿನ ಗೋಡೆ ನಿಲ್ಲುತ್ತದೆ. ಅನಿಲಗಳು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತವೆ. ಇಂಗಾಲದ ಡೈಆಕ್ಸೈಡು ಎಲೆಯನ್ನು ಮುಟ್ಟುವುದೇ ಕಷ್ಟ. ಮುಟ್ಟಿದರೂ ಮೇಣದ ಪೊರೆಯನ್ನು ದಾಟಿ ಒಳಹೋಗುವುದು ಇನ್ನೂ ಕಷ್ಟ. ದ್ಯುತಿಸಂಶ್ಲೇಷಣೆ ಕುಂಠಿತವಾಗುತ್ತದೆ. ಗಿಡವು ತನ್ನ ಕಾಂಡದಲ್ಲಿ ಕೂಡಿಟ್ಟುಕೊಂಡ ಪಿಷ್ಟವನ್ನು ಕರಗಿಸಿಕೊಂಡು ಕಾಲ ಹಾಕುತ್ತದೆ. ಬರಗಾಲದಲ್ಲಿ ರೈತನು ಬಿತ್ತನೆಯ ಕಾಳನ್ನೇ ಉಂಡು ಜೀವ ಹಿಡಿದಂತೆ ಇದು. ಕಣಜ ಬರಿದಾದ ದಿನ ಕೊಳೆಯುವಿಕೆ ಮೊದಲಾಗುತ್ತದೆ. ಲಕ್ಕಿ ಬ್ಯಾಂಬೂವಿನ ಗಟ್ಟಿ ಕಾಂಡದಲ್ಲಿ ಕೂಡಿಟ್ಟ ಆಹಾರ ಹೆಚ್ಚಾಗಿರುವುದರಿಂದ ಅದು ಕೆಲವು ತಿಂಗಳೂ ತಡೆಯಬಲ್ಲದು. ಇದನ್ನು ಕಂಡೇ ಅದು ನೀರಿನ ಗಿಡವೆಂದು ಜನರು ನಂಬಿರುವುದು.

ನಿಜವಾದ ಜಲಸಸ್ಯಗಳ ರಚನೆಯೇ ಬೇರೆ. ಕೆರೆ ಕುಂಟೆಗಳಲ್ಲಿ ದೊರೆಯುವ, ಶಾಲೆಯ ಪ್ರಯೋಗಗಳಲ್ಲಿ ಬಳಸುವ ಹೈಡ್ರಿಲವನ್ನು ನೋಡಬಹುದು. ಅದರ ಎಲೆ ಬಹು ತೆಳು. ಅದಕ್ಕೆ ಪತ್ರರಂಧ್ರಗಳಿಲ್ಲ, ದಪ್ಪ ಮೇಣವೂ ಇಲ್ಲ. ಸುತ್ತಲಿನ ನೀರಿನಲ್ಲಿ ಕರಗಿರುವುದನ್ನು ಎಲೆಯ ಮೈಯೆಲ್ಲವೂ ಹೀರಿಕೊಳ್ಳುತ್ತದೆ. ಇವೆರಡು ಬಗೆಗಳ ನಡುವೆ ಉಭಯವಾಸಿಗಳೂ ಉಂಟು. ಪಶ್ಚಿಮಘಟ್ಟದ ತೊರೆಗಳ ಅಂಚಿನಲ್ಲಿ ಬೆಳೆಯುವ ಲ್ಯಾಜಿನ್ಯಾಂಡ್ರ, ಕ್ರಿಪ್ಟೊಕೊರೈನ್ ಜಾತಿಯ ಗಿಡಗಳು ಮಳೆಗಾಲದ ಪ್ರವಾಹದಲ್ಲಿ ಮುಳುಗಿಯೂ ಬೇಸಗೆಯಲ್ಲಿ ಗಾಳಿಗೆ ತೆರೆದುಕೊಂಡೂ ಬದುಕುತ್ತವೆ. ತೇವದ ನೆಲದ ನೀರುಬ್ರಾಹ್ಮಿಯೂ ಅಂತಹುದೇ. ಇಂತಹ ಗಿಡಗಳು ನೀರಿಗೆ ಇಳಿದಾಗ ಹಳೆಯ ಎಲೆಗಳನ್ನು ಉದುರಿಸಿ ನೀರಿಗೆ ಒಗ್ಗುವ ಹೊಸ ಎಲೆಗಳನ್ನು ತಳೆಯುತ್ತವೆ. ಸಾಮಾನ್ಯವಾದ ಕುಂಡದ ಗಿಡಗಳಿಗೆ ಆ ವಿದ್ಯೆ ತಿಳಿಯದು.

ಹಾಗಾದರೆ ಮನೆಯ ಕುಂಡದ ಗಿಡಗಳಿಗೂ ಮೀನಿನ ತೊಟ್ಟಿಗೂ ಸಂಬಂಧವೇ ಕೂಡದೆ? ಕೂಡುತ್ತದೆ, ಅದೂ ಬಹಳ ಸೊಗಸಾಗಿ ಕೂಡುತ್ತದೆ. ತಾವರೆಯ ನ್ಯಾಯವನ್ನು ಅನುಸರಿಸಿ ಬೇರನ್ನು ಮಾತ್ರ ನೀರಿಗೆ ಬಿಟ್ಟು, ಎಲೆಗಳನ್ನು ಮೇಲಿರಿಸಿದರೆ ಸಾಕು. ಮೇಲೆ ಹೇಳಿದ ಮೂರು ಗಿಡಗಳನ್ನೇ ಮರಳಿನಿಂದ ಕಿತ್ತು ತೊಟ್ಟಿಯ ಅಂಚಿಗೆ ಏರಿಸಿದರೆ ಅವು ಚಿಗುರುತ್ತವೆ. ಇದರಿಂದ ಗಿಡಕ್ಕೆ ಆಗುವ ಲಾಭಕ್ಕಿಂತಲೂ ಮೀನಿಗೆ ಆಗುವ ಲಾಭ ದೊಡ್ಡದು. ಅದನ್ನು ಅರಿಯಬೇಕಾದರೆ ಗಾಜಿನ ತೊಟ್ಟಿಯ ಇತಿಹಾಸವನ್ನು ಸ್ವಲ್ಪ ನೋಡಬೇಕು.

1771ರ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯು, ಮೇಣದ ಬತ್ತಿ ಉರಿದು ಆರಿಹೋದ ಮುಚ್ಚಿದ ಪಾತ್ರೆಯ ಗಾಳಿಯಲ್ಲಿ ಪುದೀನದ ಒಂದು ಕುಡಿಯನ್ನು ಇರಿಸಿದನು. ಹತ್ತು ದಿನಗಳ ಬಳಿಕ ನೋಡಲಾಗಿ ಅದೇ ಗಾಳಿಯಲ್ಲಿ ಬತ್ತಿಯು ಮತ್ತೆ ಉರಿಯಿತು. 1779ರಲ್ಲಿ ಡಚ್ ವೈದ್ಯ ಯಾನ್ ಇಂಗೆನ್‌ಹೌಸ್‌ನು ಎಲೆಗಳನ್ನು ನೀರಿನಲ್ಲಿ ಅದ್ದಿ ಬಿಸಿಲಿಗಿಟ್ಟು, ಅವುಗಳಿಂದ ಗುಳ್ಳೆಗಳು ಏಳುವುದನ್ನು ಕಂಡನು. ಬೆಳಕಿನಲ್ಲಿ ಮಾತ್ರ, ಹಸಿರು ಭಾಗಗಳಿಂದ ಮಾತ್ರ ಈ ಉಪಕಾರವಾಗುತ್ತದೆಂದೂ ಕತ್ತಲೆಯಲ್ಲಿ ಗಿಡವೂ ಪ್ರಾಣಿಯಂತೆಯೇ ಗಾಳಿಯನ್ನು ಕೆಡಿಸುತ್ತದೆಂದೂ ಆತನು ತೋರಿಸಿದನು.

ಈ ತಿಳಿವಳಿಕೆಯನ್ನು ಮೀನಿನ ತೊಟ್ಟಿಗೆ ತಂದವನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್. ಅವನ ಕಾಲದವರೆಗೆ ಗಾಜಿನ ಬೋಗುಣಿಯಲ್ಲಿ ಮೀನಿಟ್ಟವರು ಬಾರಿಬಾರಿಗೂ ನೀರು ಬದಲಾಯಿಸುತ್ತಿದ್ದರು; ಮೀನುಗಳು ಆದರೂ ಸಾಯುತ್ತಿದ್ದವು. ವಾರಿಂಗ್‌ಟನ್ನನು 1849ರಲ್ಲಿ ಸುಮಾರು ಹನ್ನೆರಡು ಗ್ಯಾಲನ್ ಹಿಡಿಸುವ ಪಾತ್ರೆಯೊಂದನ್ನು ತೆಗೆದುಕೊಂಡು, ಅದರೊಳಗೆ ಮರಳು ಮಣ್ಣು ಕಲ್ಲುಗಳನ್ನು ಹಾಕಿ, ಎರಡು ಚಿನ್ನದ ಮೀನುಗಳನ್ನು ಬಿಟ್ಟು, ರಿಬ್ಬನ್ನಿನಂತಹ ಎಲೆಗಳುಳ್ಳ ವ್ಯಾಲಿಸ್ನೇರಿಯವೆಂಬ ಜಲಸಸ್ಯವನ್ನು ನೆಟ್ಟನು. ಮೊದಮೊದಲು ಎಲ್ಲವೂ ಸರಿಯಾಗಿತ್ತು. ಸ್ವಲ್ಪ ಕಾಲದಲ್ಲಿ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡಿತು; ಗಾಜಿನ ಮೇಲೆ ಹಸಿರು ಲೋಳೆ ಕಟ್ಟಿತು. ಆಗ ಅವನು ಕೊಳದ ಐದಾರು ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತುದನ್ನೂ ಲೋಳೆಯನ್ನೂ ತಿಂದು ಹಸನು ಮಾಡಿದವು. ಅವುಗಳ ಮೊಟ್ಟೆಗಳು ಮೀನುಗಳಿಗೆ ಆಹಾರವಾದವು. ತೊಟ್ಟಿಯ ನೀರು ತಿಳಿಯಾಗಿ ಉಳಿಯಿತು. ಇದನ್ನು ಅವನು 1850ರಲ್ಲಿ ಪ್ರಕಟಿಸಿದನು. ಮೂರೇ ವರ್ಷಗಳಲ್ಲಿ, 1853ರಲ್ಲಿ, ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯವು ತೆರೆಯಿತು. ಹನ್ನೆರಡು ಗ್ಯಾಲನ್ ಎಂದರೆ ಸುಮಾರು 54 ಲೀಟರು. ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವ, ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿಯೂ ಹೆಚ್ಚುಕಡಿಮೆ ಇಷ್ಟೇ ನೀರು ಹಿಡಿಯುತ್ತದೆ. ಆದರೆ ವಾರಿಂಗ್‌ಟನ್ನನ ಪಾತ್ರೆಯಲ್ಲಿದ್ದುದು ಎರಡೇ ಮೀನುಗಳು ಎಂಬುದನ್ನು ಇಂದಿನ ಹವ್ಯಾಸಿಗಳು ಮರೆಯುತ್ತಾರೆ.

ಗಿಡವು ಆಮ್ಲಜನಕ ಕೊಡುತ್ತದೆ, ಮೀನು ಅದನ್ನು ಉಸಿರಾಡುತ್ತದೆ ಎಂಬ ಒಂದೇ ಕೊಡುಕೊಳ್ಳುವಿಕೆಯಿಂದ ತೊಟ್ಟಿಯು ಉಳಿಯುತ್ತದೆಂದು ಆ ಕಾಲದಲ್ಲಿ ಭಾವಿಸಿದ್ದರು. ಅದಕ್ಕಿಂತ ಗಹನವಾದ ಇನ್ನೊಂದು ವ್ಯವಹಾರ ಅಲ್ಲಿ ನಡೆಯುತ್ತಿರುತ್ತದೆ. ಮೀನು ತಿಂದ ಆಹಾರದ ಸಾರಜನಕವು ಅಮೋನಿಯದ ರೂಪದಲ್ಲಿ, ಬಹುಪಾಲು ಕಿವಿರುಗಳ ಮೂಲಕವೇ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ತಿಂಡಿ ಕೊಳೆತಾಗಲೂ ಅಮೋನಿಯ ಹುಟ್ಟುತ್ತದೆ. ಹೊಳೆಯ ಮೀನಿಗೆ ಇದರಿಂದ ತೊಂದರೆಯಿಲ್ಲ, ಹರಿಯುವ ನೀರು ಕೊಚ್ಚಿಕೊಂಡು ಹೋಗುತ್ತದೆ. ತೊಟ್ಟಿಯ ಮೀನು ತಾನು ವಿಸರ್ಜಿಸಿದ ನೀರಿನಲ್ಲಿಯೇ ಈಜಬೇಕು. ಅಮೋನಿಯವು ಅದರ ಕಿವಿರನ್ನು ಸುಡುತ್ತದೆ. ನೀರು ಕ್ಷಾರವಾದಷ್ಟೂ ಬೆಚ್ಚಗಾದಷ್ಟೂ ಈ ವಿಷದ ತೀವ್ರತೆ ಹೆಚ್ಚು. ಕಣ್ಣಿಗೆ ನೀರು ಸ್ಫಟಿಕದಂತೆ ತೋರುತ್ತಿರುವಾಗಲೇ ಮೀನು ಸಾಯುವುದು ಇದರಿಂದ.

ಈ ವಿಷವನ್ನು ಅರಗಿಸಿಕೊಳ್ಳುವ ಸೂಕ್ಷ್ಮಜೀವಿಗಳು ಇವೆ. ರಷ್ಯದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್‌ಸ್ಕಿಯು 1890ರ ಸುಮಾರಿಗೆ ಇಂತಹ ಬ್ಯಾಕ್ಟೀರಿಯಗಳನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದನು. ಒಂದು ಗುಂಪು ಅಮೋನಿಯವನ್ನು ನೈಟ್ರೈಟಾಗಿ ಮಾರ್ಪಡಿಸುತ್ತದೆ. ಅದೂ ವಿಷವೇ, ಮೀನಿನ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಅದು ಕುಂದಿಸುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುತ್ತದೆ. ನೈಟ್ರೇಟಿನಿಂದ ಆಗುವ ಹಾನಿ ಬಹಳ ಕಡಿಮೆ. ಈ ಜೀವಿಗಳು ಮರಳಿನ ಕಣಗಳ ಮೇಲೆ, ಶೋಧಕದ ಸ್ಪಂಜಿನಲ್ಲಿ, ಗಾಜಿನ ಗೋಡೆಯಲ್ಲಿ ನೆಲೆಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರುವುದಕ್ಕೆ ನಾಲ್ಕರಿಂದ ಆರು ವಾರಗಳು ಹಿಡಿಯುತ್ತವೆ. ತೊಟ್ಟಿ ತಂದ ದಿನವೇ ಹತ್ತು ಮೀನುಗಳನ್ನು ತಂದು ಬಿಟ್ಟವನ ಮನೆಯಲ್ಲಿ ಒಂದು ವಾರದೊಳಗೆ ಆಗುವ ದುಃಖಕ್ಕೆ ಕಾರಣವಿದು.

ಬ್ಯಾಕ್ಟೀರಿಯಗಳ ಕೆಲಸ ನೈಟ್ರೇಟಿಗೆ ಬಂದು ನಿಲ್ಲುತ್ತದೆ. ನೈಟ್ರೇಟು ದಿನದಿಂದ ದಿನಕ್ಕೆ ಸೇರುತ್ತ ಹೋಗಿ, ಹಸಿರು ಪಾಚಿಗೆ ಔತಣವಾಗುತ್ತದೆ. ಇಲ್ಲಿ ಕುಂಡದ ಗಿಡವು ರಂಗಪ್ರವೇಶ ಮಾಡುತ್ತದೆ. ಮೀನಿಗೆ ಕಸವಾದುದೇ ಗಿಡಕ್ಕೆ ಗೊಬ್ಬರ. ಹೊಲಕ್ಕೆ ಹಾಕುವ ಸಾರಜನಕ ಗೊಬ್ಬರವೂ ಕೊನೆಗೆ ಅಮೋನಿಯ, ನೈಟ್ರೇಟುಗಳ ರೂಪದಲ್ಲಿಯೇ ಬೇರಿಗೆ ಮುಟ್ಟುವುದು. ತೊಟ್ಟಿಯಲ್ಲಿ ಇಳಿಬಿಟ್ಟ ಮನಿ ಪ್ಲಾಂಟಿನ ಬೇರುಗಳು ಎರಡನ್ನೂ ಹೀರಿಕೊಂಡು ಎಲೆಯಾಗಿ, ಬಳ್ಳಿಯಾಗಿ ಮಾರ್ಪಡಿಸುತ್ತವೆ. ಬಳ್ಳಿಯಲ್ಲಿ ಒಂದು ಹೊಸ ಎಲೆ ಬಿಚ್ಚಿತೆಂದರೆ ಅಷ್ಟು ಸಾರಜನಕ ನೀರಿನಿಂದ ಹೊರಬಂದಿತೆಂದೇ ಲೆಕ್ಕ.

ಮುಳುಗಿ ಬೆಳೆಯುವ ಹೈಡ್ರಿಲವೂ ಇದೇ ಕೆಲಸವನ್ನು ಮಾಡುವುದಲ್ಲವೆ ಎಂದು ಕೇಳಬಹುದು. ಮಾಡುತ್ತದೆ. ಆದರೆ ಅದು ಇಂಗಾಲದ ಡೈಆಕ್ಸೈಡಿಗಾಗಿ ತೊಟ್ಟಿಯ ನೀರನ್ನೇ ನಂಬಿಕೊಂಡಿರಬೇಕು. ಗಾಳಿಯಲ್ಲಿ ಎಲೆಯುಳ್ಳ ಗಿಡಕ್ಕೆ ಆ ಕೊರತೆಯಿಲ್ಲ; ಮನೆಯ ಗಾಳಿಯೆಲ್ಲವೂ ಅದರದೇ, ಕಿಟಕಿಯ ಬೆಳಕೂ ಅದರದೇ. ಆದುದರಿಂದ ಅದು ಬೇಗ ಬೆಳೆಯುತ್ತದೆ. ಬೇಗ ಬೆಳೆದಷ್ಟೂ ಹೆಚ್ಚು ಗೊಬ್ಬರವನ್ನು ಬೇಡುತ್ತದೆ. ಇನ್ನೊಂದು ಸಂಗತಿಯೂ ಉಂಟು. ರಾತ್ರಿಯ ವೇಳೆ ಮುಳುಗಿದ ಗಿಡಗಳೆಲ್ಲ ಮೀನಿನೊಡನೆ ಪೈಪೋಟಿಗೆ ನಿಂತು ನೀರಿನ ಆಮ್ಲಜನಕವನ್ನು ಉಸಿರಾಡುತ್ತವೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ ಒಂದು ಲೀಟರು ನೀರಿನಲ್ಲಿ ಕರಗಿರಬಲ್ಲುದು ಎಂಟು ಮಿಲಿಗ್ರಾಂನಷ್ಟು ಮಾತ್ರ. ಇಷ್ಟು ಬಡತನದ ಮನೆಯಲ್ಲಿ ನೆಂಟರು ಹೆಚ್ಚಾದರೆ ಬೆಳಗಿನ ಜಾವಕ್ಕೆ ಕೊರತೆ ಬೀಳುವುದು ಸಹಜ. ಎಲೆಗಳು ಮೇಲಿರುವ ಗಿಡವು ರಾತ್ರಿಯ ಉಸಿರಿಗೆ ಬಹುಪಾಲು ಗಾಳಿಯನ್ನೇ ಬಳಸುತ್ತದೆ. ಬೇರುಗಳು ಮಾತ್ರ ನೀರಿನಿಂದ ಅಲ್ಪವನ್ನು ತೆಗೆದುಕೊಳ್ಳುತ್ತವೆ. ಆದರೆ ಒಂದನ್ನು ನೆನಪಿಡಬೇಕು: ಹಗಲಿನಲ್ಲಿ ಆ ಎಲೆಗಳು ಬಿಡುವ ಆಮ್ಲಜನಕವೂ ಗಾಳಿಗೇ ಹೋಗುತ್ತದೆ, ನೀರಿಗಲ್ಲ. ನೀರನ್ನು ಅಲುಗಾಡಿಸಿ ಗಾಳಿ ಬೆರೆಸುವ ಪಂಪಿನ ಕೆಲಸವನ್ನು ಮನಿ ಪ್ಲಾಂಟು ಮಾಡಲಾರದು.

ಕುಂಡದ ಗಿಡಕ್ಕೆ ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ, ಎಲ್ಲ ತೋಟಗಾರರೂ ಬಲ್ಲ ವಿಷಯವಿದು. ಹಾಗಿರುವಾಗ ಬರಿಯ ನೀರಿನಲ್ಲಿಯೇ ನಿಂತ ಬೇರು ಏಕೆ ಕೊಳೆಯದು? ಬೇರನ್ನು ಕೊಲ್ಲುವುದು ನೀರಲ್ಲ, ಉಸಿರಿಲ್ಲದಿರುವಿಕೆ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ನೀರು ನಿಂತುಬಿಟ್ಟರೆ ಅಲ್ಲಿನ ಆಮ್ಲಜನಕವು ಬೇಗನೆ ತೀರಿಹೋಗುತ್ತದೆ. ಹೊಸದು ಒಳಗೆ ಬರುವುದಿಲ್ಲ. ಕೊಳೆಸುವ ಶಿಲೀಂಧ್ರಗಳಿಗೆ ಅದು ಸುಗ್ಗಿ. ತೊಟ್ಟಿಯ ನೀರು ಸದಾ ಅಲುಗುತ್ತಿರುವುದರಿಂದ ಮೇಲಿನ ಗಾಳಿಯ ಆಮ್ಲಜನಕವು ಬೇರಿಗೆ ಮುಟ್ಟುತ್ತಿರುತ್ತದೆ. ಅಲ್ಲದೆ ನೀರಿನಲ್ಲಿ ಹುಟ್ಟಿದ ಬೇರುಗಳು ಮಣ್ಣಿನಲ್ಲಿ ಹುಟ್ಟಿದ ಬೇರುಗಳಂತಲ್ಲ. ಅನೇಕ ಗಿಡಗಳಲ್ಲಿ ಇವುಗಳ ಒಳಗೆ ಗಾಳಿ ಹರಿಯುವ ಎಡೆಗಳು ಹೆಚ್ಚು. ನೀರು ನಿಂತ ಗದ್ದೆಯಲ್ಲಿ ಭತ್ತದ ಪೈರು ಬದುಕುವುದೂ ಇಂತಹ ಗಾಳಿದಾರಿಗಳ ಬಲದಿಂದಲೇ. ಅರುಣಾಚಲ ಪ್ರದೇಶದ ಜೀರೊ ಕಣಿವೆಯ ಅಪತಾನಿ ಜನರು ಅದೇ ಗದ್ದೆಯ ನೀರಿನಲ್ಲಿ ಮೀನುಗಳನ್ನೂ ಬೆಳೆಸುತ್ತಾರೆ. ಮೀನಿನ ಗೊಬ್ಬರ ಪೈರಿಗೆ, ಪೈರಿನ ನೆರಳು ಮೀನಿಗೆ. ಗಾಜಿನ ತೊಟ್ಟಿಯಲ್ಲಿ ಆಗುವುದು ಅದರದೇ ಒಂದು ಪುಟ್ಟ ರೂಪ.

ಇದಕ್ಕೆ ಒಗ್ಗುವ ಗಿಡಗಳಲ್ಲಿ ಮನಿ ಪ್ಲಾಂಟಿಗೆ ಸಾಟಿಯಿಲ್ಲ. ಶಾಂತಸಾಗರದ ಮೊರಿಯ ದ್ವೀಪದಿಂದ ಹೊರಟ ಈ ಬಳ್ಳಿ ಇಂದು ಜಗತ್ತಿನ ಬೆಚ್ಚನೆಯ ನಾಡುಗಳಲ್ಲೆಲ್ಲ ಮನೆಯ ಬಳ್ಳಿಯಾಗಿದೆ. ಸಿಂಗೋನಿಯಂ, ಫಿಲೊಡೆಂಡ್ರಾನ್, ಬಿಳಿಯ ಹೂವಿನ ಪೀಸ್ ಲಿಲಿ, ಲಕ್ಕಿ ಬ್ಯಾಂಬೂ ಇವೂ ಚೆನ್ನಾಗಿ ಬರುತ್ತವೆ. ಸ್ಪೈಡರ್ ಪ್ಲಾಂಟನ್ನು ಇಡುವುದಾದರೆ ಎಲೆಗಳೆಲ್ಲ ಕೂಡುವ ಬುಡವು ನೀರನ್ನು ಮುಟ್ಟಬಾರದು, ಮುಟ್ಟಿದರೆ ಕೊಳೆಯುತ್ತದೆ. ಅಡುಗೆಮನೆಗೆ ತಂದ ಪುದೀನದ ಕಡ್ಡಿಯೂ, ದೊಡ್ಡಪತ್ರೆಯ ಕುಡಿಯೂ ನೀರಿನಲ್ಲಿ ಸುಲಭವಾಗಿ ಬೇರು ಬಿಡುತ್ತವೆ. ತೊಟ್ಟಿಗೆ ಮೀನಿನ ಔಷಧಿಯನ್ನು ಹಾಕಿದ್ದರೆ ಮಾತ್ರ ಅದರಲ್ಲಿ ಬೆಳೆದ ಎಲೆಗಳನ್ನು ತಿನ್ನಬಾರದು. ಕಳ್ಳಿಯ ಜಾತಿಯ ಹಾಲು ಬರುವ ಗಿಡಗಳೂ, ವಿಷಯುಕ್ತವಾದ ಕಣಗಿಲೆಯೂ ಮೀನಿನ ನೀರಿನ ಹತ್ತಿರವೂ ಸುಳಿಯಬಾರದು.

ಮನಿ ಪ್ಲಾಂಟು, ಸಿಂಗೋನಿಯಂ, ಪೀಸ್ ಲಿಲಿಗಳೆಲ್ಲ ಕೆಸುವಿನ ಕುಟುಂಬಕ್ಕೆ ಸೇರಿದವು. ಕೆಸುವಿನ ಸೊಪ್ಪನ್ನೂ ಸುವರ್ಣಗೆಡ್ಡೆಯನ್ನೂ ಹುಣಿಸೆಹಣ್ಣು ಹಾಕದೆ ಬೇಯಿಸಿದರೆ ಬಾಯಿ ತುರಿಸುವುದು ಮಲೆನಾಡು, ಕರಾವಳಿಯ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳೇ ಇದಕ್ಕೆ ಮುಖ್ಯ ಕಾರಣ. ಅವು ಈ ಗಿಡಗಳ ಒಳಗೂ ಇರುತ್ತವೆ. ಗಿಡಕ್ಕೆ ಗಾಯವಾಗದಿದ್ದರೆ ಅವು ಒಳಗೇ ಇರುತ್ತವೆ. ಆದುದರಿಂದ ಬೇರು ಇಳಿಬಿಟ್ಟ ಮಾತ್ರಕ್ಕೆ ಮೀನಿಗೆ ಅಪಾಯವಿಲ್ಲ. ಹೊಸದಾಗಿ ಕೊಯ್ದ ಕಡ್ಡಿಯನ್ನು ನೇರವಾಗಿ ತೊಟ್ಟಿಗೆ ಹಾಕುವುದು ಸರಿಯಲ್ಲ. ಎಳೆಯ ಮಕ್ಕಳಿಗೂ ಸಾಕುನಾಯಿಗೂ ಬಳ್ಳಿಯ ಎಲೆ ಎಟುಕಬಾರದು.

ಕೆಲಸದ ಕ್ರಮ ಸರಳವಾದುದು. ಅವಸರ ಮಾತ್ರ ಕೂಡದು. ಬಳ್ಳಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕೊಯ್ಯಬೇಕು, ಏಕೆಂದರೆ ಬೇರು ಹುಟ್ಟುವುದು ಗೆಣ್ಣಿನಿಂದ. ಗೆಣ್ಣಿಲ್ಲದ ಬರಿಯ ಎಲೆಯು ನೀರಿನಲ್ಲಿ ತಿಂಗಳುಗಟ್ಟಲೆ ಹಸಿರಾಗಿದ್ದರೂ ಬಳ್ಳಿಯಾಗದು. ಕೊಯ್ದ ಕಡ್ಡಿಯನ್ನು ಬೇರೊಂದು ಲೋಟದ ನೀರಿನಲ್ಲಿ ಎರಡು ವಾರಗಳಷ್ಟು ಇರಿಸಿ, ಎರಡು ಮೂರು ದಿನಗಳಿಗೊಮ್ಮೆ ನೀರು ಬದಲಾಯಿಸುತ್ತಿದ್ದರೆ ಬಿಳಿಯ ಬೇರುಗಳು ಮೂಡುತ್ತವೆ. ಆಮೇಲೆ ತೊಟ್ಟಿಯ ಅಂಚಿಗೆ ಕ್ಲಿಪ್ಪಿನಿಂದ ಸಿಕ್ಕಿಸಿ, ಬೇರೂ ಒಂದು ಗೆಣ್ಣೂ ಮಾತ್ರ ಮುಳುಗುವಂತೆ ಇಳಿಬಿಡಬೇಕು. ಕುಂಡದಲ್ಲಿ ಬೆಳೆದ ಗಿಡವನ್ನೇ ತರುವುದಾದರೆ ಬೇರಿಗೆ ಅಂಟಿದ ಮಣ್ಣನ್ನು ಬಕೆಟ್ಟಿನ ನೀರಿನಲ್ಲಿ ಪೂರ್ತಿಯಾಗಿ ತೊಳೆದು, ಕೆಲವು ದಿನ ಬೇರೆಯೇ ಇಟ್ಟು, ಕೊಳೆತ ಹಳೆಯ ಬೇರುಗಳನ್ನು ಕತ್ತರಿಸಿ ತೆಗೆಯಬೇಕು. ನರ್ಸರಿಯ ಗಿಡಗಳಿಗೆ ಕೀಟನಾಶಕವನ್ನೋ ತಾಮ್ರದ ಅಂಶವುಳ್ಳ ಶಿಲೀಂಧ್ರನಾಶಕವನ್ನೋ ಸಿಂಪಡಿಸಿರುವುದುಂಟು. ಅದರ ಅತ್ಯಲ್ಪ ಅಂಶವೂ ಮೀನುಗಳಿಗೆ, ಅದಕ್ಕಿಂತ ಹೆಚ್ಚಾಗಿ ಬಸವನಹುಳುಗಳಿಗೆ ಮಾರಕ. ಎಲೆ ಒರಸುವುದಕ್ಕಾಗಲಿ ಕಡ್ಡಿ ಸಿಕ್ಕಿಸುವುದಕ್ಕಾಗಲಿ ತೊಟ್ಟಿಯೊಳಗೆ ಕೈ ಇಡುವ ಮುನ್ನ ಪಂಪು ದೀಪಗಳ ಸ್ವಿಚ್ಚನ್ನು ಆರಿಸಬೇಕು. ಬಳ್ಳಿಯ ಎಲೆಯಿಂದ ತೊಟ್ಟಿಕ್ಕುವ ನೀರು ವಿದ್ಯುತ್ತಿನ ಪ್ಲಗ್ಗಿನ ಮೇಲೆ ಬೀಳದಂತೆಯೂ ನೋಡಿಕೊಳ್ಳಬೇಕು.

ಬೇರುಗಳು ಜಟೆಯಂತೆ ಇಳಿದ ಬಳಿಕ ತೊಟ್ಟಿಯ ನೋಟವೇ ಬದಲಾಗುತ್ತದೆ. ಗಪ್ಪಿಯು ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಮೀನು. ತನ್ನ ಮರಿಗಳನ್ನು ತಾನೇ ತಿನ್ನುವುದಕ್ಕೂ ಹೇಸುವುದಿಲ್ಲ. ಆ ಮರಿಗಳು ಬೇರಿನ ಜಟೆಯೊಳಗೆ ಅಡಗಿ ಬದುಕಿಕೊಳ್ಳುತ್ತವೆ. ಬೇರಿನ ಮೇಲೆ ಬೆಳೆದ ಸೂಕ್ಷ್ಮಜೀವಿಗಳನ್ನು ಹೆಕ್ಕಿ ತಿನ್ನುತ್ತವೆ. ಚಿನ್ನದ ಮೀನಿನ ಸ್ವಭಾವ ಬೇರೆ, ಅದು ಬೇರನ್ನೇ ಎಳೆದಾಡಿ ಕತ್ತರಿಸುತ್ತದೆ. ಅಂತಹ ತೊಟ್ಟಿಯಲ್ಲಿ ಬೇರುಗಳನ್ನು ಶೋಧಕದ ಪೆಟ್ಟಿಗೆಯೊಳಗೆ ಇಳಿಬಿಡುವುದು ಲೇಸು; ಆದರೆ ಬೇರು ಬೆಳೆದು ನೀರಿನ ದಾರಿಯನ್ನು ಕಟ್ಟದಂತೆ ಆಗಾಗ ನೋಡುತ್ತಿರಬೇಕು.

ಈ ವಿಷಯದಲ್ಲಿ ಒಂದು ಕ್ರೂರವಾದ ಭ್ರಮೆಯೂ ಹುಟ್ಟಿಕೊಂಡಿತ್ತು. 1990ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದಲ್ಲಿ, ಹೂದಾನಿಯೊಂದರಲ್ಲಿ ನೀರು ತುಂಬಿ, ಅದರ ಬಾಯಿಗೆ ಪೀಸ್ ಲಿಲಿಯನ್ನು ಕೂರಿಸಿ, ಒಳಗೆ ಬೆಟ್ಟ ಎಂಬ ಹೆಸರಿನ, ಥಾಯ್ಲೆಂಡಿನ ಕಾಳಗದ ಮೀನೊಂದನ್ನು ಬಿಟ್ಟು ಮಾರುವ ಫ್ಯಾಷನ್ನು ಹಬ್ಬಿತು. ಮೀನು ಗಿಡದ ಬೇರನ್ನು ತಿಂದುಕೊಂಡಿರುತ್ತದೆ, ಬೇರೆ ಆಹಾರ ಬೇಡ, ನೀರು ಬದಲಾಯಿಸುವುದೂ ಬೇಡ ಎಂದು ಕೊಳ್ಳುವವರಿಗೆ ಹೇಳಲಾಗುತ್ತಿತ್ತು. ಆ ಮೀನು ಹುಳುಗಳನ್ನೂ ಸೊಳ್ಳೆಯ ಮರಿಗಳನ್ನೂ ತಿನ್ನುವ ಮಾಂಸಾಹಾರಿ. ಮೇಲಾಗಿ ಅದು ಕಿವಿರಿನಿಂದ ಮಾತ್ರವಲ್ಲದೆ ನೀರಿನ ಮೇಲಕ್ಕೆ ಬಂದು ಗಾಳಿಯನ್ನು ನುಂಗಿಯೂ ಉಸಿರಾಡಬೇಕು; ಹೂದಾನಿಯ ಬಾಯಿಯನ್ನು ಗಿಡವು ಮುಚ್ಚಿದ್ದರೆ ಆ ದಾರಿಯೂ ಕಟ್ಟಿದಂತೆ. ಎಷ್ಟೋ ಮನೆಗಳ ಮೇಜಿನ ಮೇಲೆ ಗಿಡವು ಹಸಿರಾಗಿ ಬೆಳೆಯಿತು, ಕೆಳಗೆ ಮೀನು ಹಸಿದು ಸತ್ತಿತು. ಸತ್ತ ಮೀನಿನ ಸಾರವನ್ನೂ ಗಿಡವು ಹೀರಿಕೊಂಡು ಮತ್ತೊಂದು ಎಲೆ ಬಿಟ್ಟಿರಬೇಕು. ಗಿಡಕ್ಕೆ ಕರುಣೆಯೂ ಇಲ್ಲ, ಕ್ರೌರ್ಯವೂ ಇಲ್ಲ. ಲೆಕ್ಕ ಇಡಬೇಕಾದವನು ತೊಟ್ಟಿಯ ಯಜಮಾನ.

ಆ ಲೆಕ್ಕದಲ್ಲಿ ಗಿಡವು ಹೊರುವ ಪಾಲು ದೊಡ್ಡದಾದರೂ ಪೂರ್ಣವಲ್ಲ. ಎರಡು ಬಳ್ಳಿಗಳನ್ನು ನೆಟ್ಟು ಇಪ್ಪತ್ತು ಮೀನುಗಳನ್ನು ತುಂಬಿದರೆ ಬಳ್ಳಿಗಳು ಸೋಲುತ್ತವೆ. ಗಿಡಗಳು ತೆಗೆದುಕೊಳ್ಳದ ಲವಣಗಳು ನೀರು ಆವಿಯಾದಂತೆಲ್ಲ ತೊಟ್ಟಿಯಲ್ಲಿ ಕೂಡುತ್ತ ಹೋಗುತ್ತವೆ. ಕೊಳವೆಬಾವಿಯ ಗಡಸು ನೀರು ಬಳಸುವ ಊರುಗಳಲ್ಲಿ ಇದು ಇನ್ನೂ ಹೆಚ್ಚು. ಆದುದರಿಂದ ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ತೆಗೆದು ಹೊಸ ನೀರು ಹಾಕುವ ಪದ್ಧತಿಯನ್ನು ಬಿಡಬಾರದು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಗಲವಾದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಅದು ಹೊರಟುಹೋಗುತ್ತದೆ. ಬಳ್ಳಿಯ ಹೊಸ ಎಲೆಗಳು ನರಗಳಷ್ಟೇ ಹಸಿರಾಗಿದ್ದು ನಡುವೆ ಬಿಳಿಚಿಕೊಂಡರೆ ಅದಕ್ಕೆ ಕಬ್ಬಿಣದ ಅಂಶ ಸಾಲದೆಂದು ತಿಳಿಯಬಹುದು;

ಮೀನಿನ ಗೊಬ್ಬರದಲ್ಲಿ ಸಾರಜನಕ ಧಾರಾಳ, ಕಬ್ಬಿಣ ಕಡಿಮೆ. ಹಾಗೆಂದು ಕುಂಡಕ್ಕೆ ಹಾಕುವ ರಾಸಾಯನಿಕ ಗೊಬ್ಬರವನ್ನು ತೊಟ್ಟಿಗೆ ಸುರಿದರೆ ಅದರಲ್ಲಿರುವ ಅಮೋನಿಯವೇ ಮೀನುಗಳನ್ನು ಕೊಂದೀತು.

ಬಾಟಲಿಯ ನೀರಿನಲ್ಲಿ ಮನಿ ಪ್ಲಾಂಟು ಇಡುವ ರೂಢಿ ಅನೇಕ ಮನೆಗಳಲ್ಲಿದೆ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಇಂತಹ ನಿಂತ ತಿಳಿನೀರನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆಯಾದರೂ ಆ ನೀರನ್ನು ಚೆಲ್ಲಿ ಬಾಟಲಿಯನ್ನು ಉಜ್ಜಿ ತೊಳೆಯದಿದ್ದರೆ ಮನೆಯ ಅಲಂಕಾರವೇ ಮನೆಯವರಿಗೆ ಜ್ವರ ತಂದೀತು. ಅದೇ ಬಳ್ಳಿಯನ್ನು ಗಪ್ಪಿಗಳಿರುವ ತೊಟ್ಟಿಗೆ ವರ್ಗಾಯಿಸಿದರೆ ಸೊಳ್ಳೆಯ ಮರಿಗಳು ಮೀನಿನ ಪಾಲಾಗುತ್ತವೆ. ಕರ್ನಾಟಕದ ಹಳ್ಳಿಗಳಲ್ಲಿ ಬಾವಿಗಳಿಗೂ ನೀರಿನ ತೊಟ್ಟಿಗಳಿಗೂ ಆರೋಗ್ಯ ಇಲಾಖೆಯವರು ಗಪ್ಪಿಯನ್ನು ಬಿಟ್ಟಿರುವುದು ಈ ಕಾರಣದಿಂದಲೇ. ಆದರೆ ಸಾಕಿ ಬೇಸರವಾದ ಮೀನುಗಳನ್ನೂ ಹೆಚ್ಚಾದ ಗಿಡಗಳನ್ನೂ ಊರ ಕೆರೆಗೆ ತಂದು ಸುರಿಯುವುದು ಬೇರೆ ಮಾತು. ಹೊರನಾಡಿನ ಮೀನು ಕೆರೆಯ ಮೀನಿನ ಮೊಟ್ಟೆಮರಿಗಳನ್ನು ತಿಂದು ಹಬ್ಬುತ್ತದೆ. ಚೆಲುವಾದ ಹೂವಿಗಾಗಿ ತಂದ ವಾಟರ್ ಹಯಸಿಂತ್ ಎಂಬ ದಕ್ಷಿಣ ಅಮೆರಿಕದ ಗಿಡವು ಎಷ್ಟು ಕೆರೆಗಳ ಮುಖವನ್ನು ಮುಚ್ಚಿದೆಯೆಂಬುದನ್ನು ಬೆಂಗಳೂರಿನ ಸುತ್ತಮುತ್ತ ನಡೆದು ನೋಡಿದವರು ಬಲ್ಲರು.

ಹೆಚ್ಚಾದ ಬಳ್ಳಿಯನ್ನೂ ಬೇರನ್ನೂ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಬಹುದು. ಗೆಣ್ಣುಳ್ಳ ತುಂಡುಗಳನ್ನು ನೆರೆಮನೆಯವರಿಗೆ ಕೊಡಬಹುದು. ವಾರದ ಕೊನೆಗೆ ತೊಟ್ಟಿಯಿಂದ ಮೊಗೆದು ತೆಗೆದ ಹಳದಿ ಛಾಯೆಯ ನೀರನ್ನು ಬಚ್ಚಲಿಗೆ ಚೆಲ್ಲುವವರು ತಿಳಿಯದವರು. ಅಂಗಳದ ಮಲ್ಲಿಗೆಯ ಬುಡಕ್ಕೆ ಅದನ್ನು ಹೊಯ್ದು ಹದಿನೈದು ದಿನ ಕಾದು ನೋಡಿದರೆ ಚಿಗುರಿನ ಬಣ್ಣವೇ ಅದರ ಗುಣವನ್ನು ಹೇಳುತ್ತದೆ.